ಯಾರೋ ನಮ್ಮೂರಿನವರು

ದಸರಾ ರಜೆಯ ಒಂದು ಬೆಳಿಗ್ಗೆ ಮೊಮ್ಮಗಳು ನಡುಮನೆಯಲ್ಲಿ ದೊಡ್ಡ ಚಾರ್ಟ್ ಪೇಪರ್ ಹರಡಿಕೊಂಡು ಕುಳಿತಿದ್ದಳು. ಬೆಂಗಳೂರಿನ ಶಾಲೆಯಲ್ಲಿ ಏಳನೇ ತರಗತಿ ಓದುತ್ತಾಳೆ. ರಜೆಗೆಂದು ಶಾಲೆಯಲ್ಲಿ ಕೊಟ್ಟ ಕೆಲಸ 'ನಮ್ಮ ಮನೆತನದ ಮರ'. ಹಸಿರು ಬಣ್ಣದಲ್ಲಿ ಕೊಂಬೆ, ಕಂದು ಬಣ್ಣದಲ್ಲಿ ಬೇರು ಬರೆದಾಗಿತ್ತು. ಬೇರಿನ ಹತ್ತಿರ ಬರೆಯಲು ನನ್ನನ್ನು ಕೂಗಿದಳು.

"ತಾತ, ನಿಮ್ಮೂರು ಯಾವುದು?"

"ಚಿತ್ರದುರ್ಗ ಅಂತ ಬರಿ."

"ಅದು ಜಿಲ್ಲೆ ತಾತ. ಊರು ಹೇಳಿ."

"ಹೊಳಲ್ಕೆರೆ."

"ಅದು ತಾಲ್ಲೂಕು! ಪುಸ್ತಕದಲ್ಲಿ ಇದೆ. ಊರು, ಊರು!"

"ಹೊರಕೆರೆದೇವಪುರ. ಎಚ್.ಡಿ. ಪುರ ಅಂತ ಬರೆದರೂ ನಡೆಯುತ್ತೆ."

ಅವಳು ಖುಷಿಯಿಂದ ಬರೆದುಕೊಂಡಳು. ಆದರೆ ಅದೂ ಪೂರ್ತಿ ನಿಜವಲ್ಲ. ನಾನು ಹುಟ್ಟಿದ್ದು ಊರೊಳಗಲ್ಲ. ಊರಿನಿಂದ ಎರಡು ಮೈಲಿ ಆಚೆ, ಕಲ್ಲುಗುಡ್ಡದ ಬುಡದ ಗೊಲ್ಲರಹಟ್ಟಿಯಲ್ಲಿ.

"ನಿಮ್ಮನ್ನು ಸಾಕಿದ್ದು ನಿಮ್ಮಜ್ಜಿ ಅಂತ ಹೇಳ್ತಿರ್ತೀರಲ್ಲ, ಅವರು ಏನು ಕೆಲಸ ಮಾಡ್ತಿದ್ರು?"

"ಏನಿಲ್ಲ, ಮನೇಲಿ ಇರ್ತಿದ್ರು. ಗೃಹಿಣಿ ಅಂತ ಬರಿ."

ಅಡುಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದಳು. ಕೈಯಲ್ಲಿ ಸೌಟು ಇತ್ತು. "ಎಪ್ಪತ್ತು ಹತ್ತಿರ ಬಂತು. ಹಟ್ಟಿ ಅನ್ನೋ ಎರಡಕ್ಷರ ಇನ್ನೂ ನಿಮ್ಮ ಬಾಯಿಗೆ ಬರಲ್ವಾ?" ಎಂದಳು.

ಮೊಮ್ಮಗಳು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. "ಹಟ್ಟಿ ಅಂದರೇನು ತಾತ?"

ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಯಾವ ಮಗು ಏನು ಕೇಳಿದರೂ ಉತ್ತರ ಹೇಳಿದ್ದೇನೆ. ಆ ದಿನ ನನಗೆ ಗಂಟಲು ಕಟ್ಟಿತು. ಅವಳಿಗೆ ಅಂದು ಹೇಳಿದ್ದನ್ನೂ ಆಮೇಲೆ ನಡೆದದ್ದನ್ನೂ ನಿಮಗೂ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮುಳ್ಳುಬೇಲಿಯ ಒಳಗೆ

ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಬಸ್ಸಿನಲ್ಲಿ ಹೋಗುವಾಗ ಊರಿನ ಬೋರ್ಡುಗಳನ್ನು ಗಮನಿಸಿ. ಯಾವುದೋ ಹಳ್ಳಿಯ ಹೆಸರಿನ ಮುಂದೆ 'ಗೊಲ್ಲರಹಟ್ಟಿ' ಎಂದು ಆಗಾಗ ಕಾಣುತ್ತದೆ. ಅವು ಕಾಡುಗೊಲ್ಲರ ಊರುಗಳು. ಕುರಿ, ದನ ಸಾಕಿಕೊಂಡು, ಮೇವು ನೀರು ಇದ್ದ ಕಡೆ ನೆಲೆ ನಿಂತ ಜನ. ಅದಕ್ಕೇ ಹಟ್ಟಿಗಳು ಊರ ನಡುವೆ ಇರುವುದಿಲ್ಲ, ಊರಾಚೆ ಇರುತ್ತವೆ.

ನಾನು ಹುಡುಗನಾಗಿದ್ದಾಗ ನಮ್ಮ ಹಟ್ಟಿಯ ಸುತ್ತ ಆಳೆತ್ತರದ ಮುಳ್ಳುಬೇಲಿ ಇತ್ತು. ರಾತ್ರಿ ತೋಳ ಒಳಗೆ ನುಗ್ಗದಿರಲೆಂದು ಕಟ್ಟಿದ ಬೇಲಿ ಅದು. ಒಳಗೆ ಹುಲ್ಲು ಹೊದಿಸಿದ ಗುಡಿಸಲುಗಳು, ಕುರಿ ರೊಪ್ಪಗಳು, ನಡುವೆ ದೇವರ ಗುಡಿ. ಸಂಜೆ ಕುರಿಮಂದೆ ಧೂಳೆಬ್ಬಿಸಿಕೊಂಡು ಒಳಗೆ ಬಂದರೆ, ನೂರಾರು ಮರಿಗಳು ಒಟ್ಟಿಗೆ ಕೂಗುತ್ತಿದ್ದವು. ಅಷ್ಟು ಮರಿಗಳಲ್ಲಿ ಯಾವುದು ಯಾವ ತಾಯಿಯದು ಎಂದು ನನ್ನಜ್ಜಿ ಕತ್ತಲಲ್ಲೂ ಹೇಳುತ್ತಿದ್ದಳು.

ಅಜ್ಜಿಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ಚುಕ್ಕಿ ನೋಡಿ ರಾತ್ರಿ ಎಷ್ಟಾಯಿತೆಂದು ಹೇಳುವಳು. ಹೊಟ್ಟೆ ಉಬ್ಬರಿಸಿದ ಕುರಿಗೆ ಯಾವ ಸೊಪ್ಪು ಅರೆದು ಹಾಕಬೇಕೆಂದು ಗೊತ್ತಿತ್ತು. ಮದುವೆಗೆ ಸೋಬಾನೆ, ಕೂಸಿಗೆ ಜೋಗುಳ, ದೇವರಿಗೆ ಪದ. ರಾತ್ರಿ ಶುರು ಮಾಡಿದರೆ ಕೋಳಿ ಕೂಗುವವರೆಗೆ ಹಾಡುವಳು. ಒಮ್ಮೆ ಹಾಡಿದ್ದನ್ನು ಮತ್ತೆ ಹಾಡಬೇಕಾಗಿ ಬರುತ್ತಿರಲಿಲ್ಲ.

ಹಬ್ಬದ ರಾತ್ರಿ ಗಂಡಸರು ಗಣೆ ತೆಗೆಯುವರು. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ಕಾಡುಗೊಲ್ಲರ ವೀರ ಜುಂಜಪ್ಪನ ಕಥೆಯನ್ನು ಗಣೆ ಊದುತ್ತಲೇ ಹಾಡಬೇಕು. ಜುಂಜಪ್ಪ ರಾಜನಲ್ಲ, ರಾಜಕುಮಾರನಲ್ಲ, ದನ ಕಾಯುವವನು. ಅವನ ಹೆಸರಿನ ಗುಡ್ಡೆ ಇಂದಿಗೂ ಶಿರಾ ತಾಲ್ಲೂಕಿನಲ್ಲಿದೆ. ದನ ಕಾಯುವವನೇ ಕಥೆಯ ನಾಯಕನಾಗಿರುವ ಮಹಾಕಾವ್ಯ ಕೇಳುತ್ತಾ ನಾನು ನಿದ್ದೆ ಹೋಗುತ್ತಿದ್ದೆ. ಅದು ಎಂಥ ಭಾಗ್ಯವೆಂದು ಆಗ ತಿಳಿಯಲಿಲ್ಲ.

ಗಿಣ್ಣಿನ ಚೊಂಬು

1969ರಲ್ಲಿ ಎಂಟನೇ ತರಗತಿಗೆ ಪೇಟೆಯ ಹಾಸ್ಟೆಲ್ಲಿಗೆ ಸೇರಿದೆ. ನಮ್ಮ ಹಟ್ಟಿಯಿಂದ ಪ್ರೌಢಶಾಲೆ ಮೆಟ್ಟಿಲು ಹತ್ತಿದ ಮೊದಲ ಹುಡುಗ ನಾನೇ.

ಮೊದಲ ದಿನವೇ ನನಗೊಂದು ಹೊಸ ಹೆಸರು ಬಿತ್ತು: 'ಕಂಬಳಿ'. ಹಾಸಲು ಹೊದೆಯಲು ನಾನು ತಂದಿದ್ದು ಒಂದು ಕರಿ ಕಂಬಳಿ. ನನ್ನ ಮೈಬಣ್ಣವೂ ಅದೇ. ಎರಡಕ್ಕೂ ಸೇರಿಸಿ ಇಟ್ಟ ಹೆಸರು. ಎರಡನೆಯ ದಿನ ಊಟದ ಸಾಲಿನಲ್ಲಿ 'ಆಲು ಬೇಕು' ಎಂದೆ. ಬಡಿಸುವವರೂ ಸೇರಿ ಎಲ್ಲರೂ ನಕ್ಕರು. ನಮ್ಮ ಹಟ್ಟಿಯಲ್ಲಿ ಹಾಲಿಗೆ ಆಲು, ಹುಲಿಗೆ ಉಲಿ, ಹೂವಿಗೆ ಊವು. ಅದರಲ್ಲಿ ನಗುವುದೇನಿದೆ ಎಂದು ನನಗೆ ಅರ್ಥವಾಗಲಿಲ್ಲ. ನಕ್ಕಾಗ ಮೈ ಕುಗ್ಗಿದ್ದು ಮಾತ್ರ ಗೊತ್ತು.

ಆ ರಾತ್ರಿಯಿಂದ ಕಂಬಳಿ ಮುಖದ ಮೇಲೆ ಎಳೆದುಕೊಂಡು 'ಹ, ಹ, ಹಾಲು, ಹಾಲು' ಎಂದು ಪಿಸುಗುಟ್ಟುತ್ತಾ ಅಭ್ಯಾಸ ಮಾಡಿದೆ. ಸೋಪು ಹಚ್ಚಿ ಮುಖ ಉಜ್ಜಿ ಉಜ್ಜಿ ಕೆನ್ನೆ ಕಿತ್ತುಹೋಯಿತು. ಎರಡು ತಿಂಗಳಲ್ಲಿ ನನ್ನ ಮಾತು ಪೇಟೆಯ ಹುಡುಗರ ಮಾತಿನಂತಾಯಿತು. ಯಾರಾದರೂ ಊರು ಕೇಳಿದರೆ ಎಚ್.ಡಿ. ಪುರ ಎನ್ನುವೆ. ಅಲ್ಲಿಯ ಲಕ್ಷ್ಮೀನರಸಿಂಹಸ್ವಾಮಿ ತೇರು ಕೆಲವರಿಗೆ ಗೊತ್ತಿತ್ತು. ತೇರಿನ ಊರಿನವನು ಎಂದರೆ ಮುಂದಕ್ಕೆ ಯಾರೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಬಂದಳು.

ಬಸ್ಸಿನಲ್ಲಿ ಕುಳಿತೇ ಗೊತ್ತಿಲ್ಲದ ನನ್ನಜ್ಜಿ, ಯಾರನ್ನೋ ಕೇಳಿಕೊಂಡು, ಹಾಸ್ಟೆಲ್ಲಿನ ಗೇಟಿನ ಮುಂದೆ ನಿಂತಿದ್ದಳು. ಬರಿಗಾಲು, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಬಟ್ಟೆ ಕಟ್ಟಿದ ಕಂಚಿನ ಚೊಂಬು.

"ಮಗಾ, ಕೆಂದ ಅಸ ಈದೈತೆ ಕಣಪ್ಪ. ಗಿಣ್ಣು ತಂದೀನಿ. ನಿನಗೆ ಇಷ್ಟ ಅಲ್ವಾ?"

ಪೇಟೆಯ ಮಕ್ಕಳಿಗೆ ಗಿಣ್ಣು ಗೊತ್ತಿರಲಿಕ್ಕಿಲ್ಲ. ಹಸು ಕರು ಹಾಕಿದ ಮೊದಲ ಎರಡು ಮೂರು ದಿನದ ದಪ್ಪ ಹಾಲಿಗೆ ಬೆಲ್ಲ ಹಾಕಿ ಕಾಯಿಸಿದರೆ ಗಟ್ಟಿಯಾಗಿ, ಮೆತ್ತಗೆ, ಬಾಯಲ್ಲಿ ಕರಗುವಂಥ ತಿಂಡಿಯಾಗುತ್ತದೆ. ಹಟ್ಟಿಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ.

ನಾನು ಚೊಂಬಿಗೆ ಕೈ ಚಾಚುವಷ್ಟರಲ್ಲಿ ಹಿಂದಿನಿಂದ ನಾಲ್ಕು ಹುಡುಗರು ಬಂದರು. "ಯಾರೋ ಅದು?" ಎಂದು ಒಬ್ಬ ಕೇಳಿದ.

ನಾನು ಹೇಳಿದೆ: "ಯಾರೋ ನಮ್ಮೂರಿನವರು."

ಅಜ್ಜಿ ನನ್ನ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದಳು. ಆ ಮಾತು ಅವಳಿಗೆ ಕೇಳಿಸಿತು. ಅವಳು ಏನೂ ಹೇಳಲಿಲ್ಲ. ಹುಡುಗರ ಕಡೆ ತಿರುಗಿ, "ಊಂ ಕಣಪ್ಪ, ಇವನ ಊರೋಳು. ಅವರ ಮನೇಲಿ ಕೊಟ್ಟು ಕಳಿಸಿದ್ರು" ಎಂದಳು. ಚೊಂಬು ನನ್ನ ಕೈಯಲ್ಲಿಟ್ಟಳು. ತಿರುಗಿ ನಡೆದಳು. ನೀರು ಕೂಡ ಕೇಳಲಿಲ್ಲ.

ಚೊಂಬನ್ನು ಒಯ್ದು ಟ್ರಂಕಿನ ಹಿಂದೆ ಬಚ್ಚಿಟ್ಟೆ. ರಾತ್ರಿ ತಿನ್ನೋಣ ಎಂದುಕೊಂಡವನಿಗೆ ಆಗಲಿಲ್ಲ. ಮರುದಿನ ಅದು ಹುಳಿ ವಾಸನೆ ಬಂತು. ಬಚ್ಚಲ ಹಿಂದೆ ಚೆಲ್ಲಿ ಬಂದೆ.

ಅಜ್ಜಿ ಮತ್ತೆಂದೂ ಹಾಸ್ಟೆಲ್ಲಿಗೆ ಬರಲಿಲ್ಲ. ಹಬ್ಬ ಹುಣ್ಣಿಮೆಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಸ್ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ರಜೆಗೆ ಹೋದಾಗ ಅವಳು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಅವಳು ಹೋಗಿಬಿಟ್ಟಳು.

ಆಲು, ಹಾಲು, ಪಾಲು

ಮುಂದೆ ನಾನು ಕನ್ನಡ ಮೇಷ್ಟ್ರಾದೆ. ಎಂಥ ಕನ್ನಡ ಮೇಷ್ಟ್ರು? ಉಚ್ಚಾರಣೆಯಲ್ಲಿ ಬಹಳ ಕಟ್ಟುನಿಟ್ಟು ಎಂದು ಹೆಸರಾದವನು.

ಒಂದು ದಿನ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಪಾಠ ಓದುತ್ತಾ ಹುಲಿಯನ್ನು 'ಉಲಿ' ಎಂದ. ನಾನು ತಡೆದು, "ಉಲಿ ಅಲ್ಲಯ್ಯ, ಹುಲಿ! ಯಾವ ಕಾಡಿನಿಂದ ಬಂದೆ?" ಎಂದೆ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಅವನ ಮೈ ಕುಗ್ಗಿದ್ದನ್ನು ನೋಡಿದೆ. ಆ ಕುಗ್ಗುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪಾಠ ಮುಂದುವರಿಸಿದೆ. ಆಮೇಲೆ ಹಾಜರಿ ಪುಸ್ತಕದಲ್ಲಿ ನೋಡಿದರೆ, ಅವನ ವಿಳಾಸ ಒಂದು ಗೊಲ್ಲರಹಟ್ಟಿ. ಆ ಹುಡುಗ ಎಷ್ಟೋ ದಿನ ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಮಕ್ಕಳೇ, ಹಾಸ್ಟೆಲ್ಲಿನಲ್ಲಿ ನನ್ನನ್ನು ನೋಡಿ ನಕ್ಕವರ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಆ ದಿನ ತಿಳಿಯಿತು, ಅವರ ನಗುವನ್ನು ನಾನೇ ನನ್ನೊಳಗೆ ತಂದು ಸಾಕಿಕೊಂಡಿದ್ದೆ. ಈಗ ಅದನ್ನು ಇನ್ನೊಬ್ಬ ಹುಡುಗನಿಗೆ ದಾಟಿಸಿದ್ದೆ.

ಅದೇ ದಿನಗಳಲ್ಲಿ ಸ್ಟಾಫ್ ರೂಮಿನಲ್ಲಿ ಸಿರಿಯಜ್ಜಿಯ ಬಗ್ಗೆ ಬಂದ ಬರಹವೊಂದನ್ನು ಓದಿದೆ. ಸಿರಿಯಜ್ಜಿ ನಮ್ಮ ಜಿಲ್ಲೆಯವಳೇ, ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿ ಗೊಲ್ಲರಹಟ್ಟಿಯ ಕಾಡುಗೊಲ್ಲ ಹೆಣ್ಣುಮಗಳು. ಓದು ಬರಹ ಬಾರದು. ನೆನಪಿನಲ್ಲೇ ಸಾವಿರಾರು ಸಾಲುಗಳ ಪದಗಳನ್ನು ಇಟ್ಟುಕೊಂಡಿದ್ದಳು. ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರು ಅವಳ ಎದುರು ಕುಳಿತು ಕೇಳಿ, ಆ ಪದಗಳನ್ನು ಪುಸ್ತಕವಾಗಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವಳಿಗೆ 'ನಾಡೋಜ' ಗೌರವ ಕೊಟ್ಟಿತು. ದೊಡ್ಡ ದೊಡ್ಡ ಕವಿಗಳಿಗೆ ಸಲ್ಲುವ ಗೌರವ ಅದು.

ಆ ಬರಹವನ್ನು ಮೂರು ಸಲ ಓದಿದೆ. ವಿಶ್ವವಿದ್ಯಾಲಯವೇ ತಲೆಬಾಗಿದ ವಿದ್ಯೆ ನನ್ನಜ್ಜಿಗೂ ಇತ್ತು. ಅಂಥವಳನ್ನು ನಾನು ಗೇಟಿನ ಹೊರಗೆ ನಿಲ್ಲಿಸಿದ್ದೆ. ಅವಳ ಒಂದು ಪದವನ್ನೂ ಬರೆದುಕೊಂಡಿರಲಿಲ್ಲ.

ಮರುದಿನ ತರಗತಿಗೆ ಹೋಗಿ ಕಪ್ಪುಹಲಗೆಯ ಮೇಲೆ ಮೂರು ಪದ ಬರೆದೆ: ಪಾಲು, ಹಾಲು, ಆಲು.

"ಸುಮಾರು ಸಾವಿರ ವರ್ಷದ ಹಿಂದಿನ ಕನ್ನಡದಲ್ಲಿ ಹಾಲಿಗೆ ಪಾಲು ಎನ್ನುತ್ತಿದ್ದರು. ಹುಲಿಗೆ ಪುಲಿ. ತಮಿಳಿನವರು ಇಂದಿಗೂ ಹುಲಿಗೆ ಪುಲಿ ಎನ್ನುತ್ತಾರೆ, ತೆಲುಗಿನವರು ಹಾಲಿಗೆ ಪಾಲು ಎನ್ನುತ್ತಾರೆ. ಕಾಲ ಕಳೆದಂತೆ ಕನ್ನಡಿಗರ ಬಾಯಲ್ಲಿ 'ಪ' ಸವೆದು 'ಹ' ಆಯಿತು. ಆಮೇಲೆ ಕೆಲವು ಕಡೆ 'ಹ' ಕೂಡ ಸವೆದು 'ಆಲು' ಆಯಿತು. ನದಿಯಲ್ಲಿ ಕಲ್ಲು ಸವೆದು ನುಣುಪಾಗುವ ಹಾಗೆ. ಹಾಲು ಎನ್ನುವವರು ಎರಡನೇ ಮೆಟ್ಟಿಲಲ್ಲಿದ್ದಾರೆ, ಆಲು ಎನ್ನುವವರು ಮೂರನೇ ಮೆಟ್ಟಿಲಲ್ಲಿದ್ದಾರೆ. ಯಾರು ಯಾರನ್ನು ನೋಡಿ ನಗಬೇಕು?" ಎಂದೆ.

ಹಟ್ಟಿ ಎಂಬ ಪದವೂ ಹಾಗೆಯೇ. ಅದರ ಹಳೆಯ ರೂಪ ಪಟ್ಟಿ. ತಮಿಳುನಾಡಿನಲ್ಲಿ ಉಸಿಲಂಪಟ್ಟಿ, ಕೋವಿಲ್‌ಪಟ್ಟಿ ಎಂದೆಲ್ಲ ಊರುಗಳಿವೆಯಲ್ಲ, ಅದೇ ಪದ. ದನ ಕುರಿ ಕೂಡುವ ಜಾಗ, ಜನ ನೆಲೆ ನಿಂತ ಜಾಗ ಎಂದು ಅರ್ಥ. ನಾನು ಬಾಯಿಬಿಟ್ಟು ಹೇಳಲು ನಾಚಿದ ಪದಕ್ಕೆ ಅಷ್ಟು ವಯಸ್ಸಾಗಿದೆ.

ಹಿಂದಿನ ಬೆಂಚಿನ ಹುಡುಗನನ್ನು ಎಲ್ಲರೆದುರು ಕ್ಷಮೆ ಕೇಳಿದೆ. "ಪರೀಕ್ಷೆಯಲ್ಲಿ ಹುಲಿ ಎಂದು ಬರಿ. ನಿಮ್ಮಜ್ಜಿಯ ಹತ್ತಿರ ಉಲಿ ಎನ್ನು. ಎರಡೂ ನಿನ್ನದೇ" ಎಂದೆ. ಅಂದಿನಿಂದ ನನ್ನ ತರಗತಿಯಲ್ಲಿ ಪ್ರತಿ ಶನಿವಾರ ಮಕ್ಕಳು ಮನೆಯ ಮಾತಿನ ಐದು ಪದ ಬರೆದು ತರುವ ರೂಢಿ ಬಂತು. ಆ ಹುಡುಗ ಎಲ್ಲರಿಗಿಂತ ಹೆಚ್ಚು ತರುತ್ತಿದ್ದ. ಕುರಿಯ ಬಣ್ಣ, ಕಿವಿ, ಕೊಂಬಿಗೆಲ್ಲ ಅವನ ಹತ್ತಿರ ಬೇರೆ ಬೇರೆ ಹೆಸರಿದ್ದವು.

ಇಷ್ಟೆಲ್ಲ ಹೇಳಿದವನು ಒಂದು ಮಾತನ್ನು ಮಾತ್ರ ನುಂಗಿಕೊಂಡೆ. 'ನಾನೂ ಹಟ್ಟಿಯವನೇ' ಎಂಬ ಮಾತು. ನಿವೃತ್ತನಾಗುವವರೆಗೂ ಅದನ್ನು ಹೇಳಲಿಲ್ಲ. ಬೇರೆಯವರ ನಾಚಿಕೆ ಬಿಡಿಸುವುದು ಸುಲಭ. ನಮ್ಮದನ್ನು ಬಿಡಿಸಿಕೊಳ್ಳುವುದು ಕಷ್ಟ.

ಎರಡು ಬಣ್ಣದ ಗೊಂಬೆಗಳು

ಇದನ್ನೆಲ್ಲ ಕೇಳಿದ ಮೊಮ್ಮಗಳು, "ಅಜ್ಜಿ ಅಷ್ಟು ಒಳ್ಳೆಯವರಾಗಿದ್ದರೆ ನಿಮಗೆ ಯಾಕೆ ನಾಚಿಕೆ ಆಯ್ತು ತಾತ?" ಎಂದು ಕೇಳಿದಳು. ನೇರ ಪ್ರಶ್ನೆ. ಅದಕ್ಕೆ ನಾನು ದೂರದ ಒಂದು ಪ್ರಯೋಗದ ಕಥೆ ಹೇಳಿದೆ.

ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಜನಾಂಗದ ದಂಪತಿ ಇದ್ದರು. ಇಬ್ಬರೂ ಮನಶ್ಶಾಸ್ತ್ರಜ್ಞರು. 1940ರ ದಶಕದಲ್ಲಿ ಅವರು ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನು ಇಟ್ಟರು. ಎಲ್ಲವೂ ಒಂದೇ ಅಚ್ಚಿನವು. ಬಣ್ಣ ಮಾತ್ರ ಬೇರೆ: ಕೆಲವು ಬಿಳಿ, ಕೆಲವು ಕಂದು. ಯಾವ ಗೊಂಬೆ ಚೆಂದ ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆ ತೋರಿಸಿದರು. ಯಾವುದು ಕೆಟ್ಟದಾಗಿ ಕಾಣುತ್ತದೆ ಎಂದರೆ ಕಂದು ಗೊಂಬೆ ತೋರಿಸಿದರು. ಕೊನೆಗೆ, 'ಯಾವ ಗೊಂಬೆ ನಿನ್ನ ಹಾಗಿದೆ?' ಎಂದು ಕೇಳಿದಾಗ ಕೆಲವು ಮಕ್ಕಳು ಅಳುತ್ತಾ ಕೋಣೆಯಿಂದ ಓಡಿಹೋದರು.

ಆ ಮಕ್ಕಳಿಗೆ ಯಾರೂ ಕೂರಿಸಿ ಪಾಠ ಮಾಡಿರಲಿಲ್ಲ. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬೇರೆ ಬೆಂಚು, ಬೇರೆ ನಲ್ಲಿ ಇದ್ದ ಕಾಲ ಅದು. ಅದನ್ನು ನೋಡುತ್ತಲೇ ಮಕ್ಕಳು ಕಲಿತಿದ್ದರು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥ ಬೇರೆ ಬೇರೆ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಾಗ, ಕ್ಲಾರ್ಕ್ ಅವರ ಕೆಲಸವನ್ನೂ ಉಲ್ಲೇಖಿಸಿತು.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ, ಸೈನಿಕರಾಗಿ ಬಂದವರ ವಂಶದವರು. ಅವರ ಮಕ್ಕಳು ಕನ್ನಡ, ಕೊಂಕಣಿ ಮಾತಾಡಿಕೊಂಡು ಇಲ್ಲೇ ಬೆಳೆದರೂ, ಗುಂಗುರು ಕೂದಲು, ಕಪ್ಪು ಬಣ್ಣ ನೋಡಿ 'ಯಾವ ದೇಶ?' ಎಂದು ಕೇಳುವವರಿದ್ದಾರೆ. ಆದರೂ ಅವರು ತಮ್ಮ ದಮಾಮಿ ಡೋಲಿನ ಕುಣಿತ ಬಿಡಲಿಲ್ಲ. ಬಣ್ಣದ ಚಿಂದಿ ಸೇರಿಸಿ ಹೊಲಿಯುವ ಕೌದಿ ಬಿಡಲಿಲ್ಲ. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಸಿದ್ದಿ ಸಮುದಾಯದಿಂದ ಅಲ್ಲಿಗೆ ಹೋದವರಲ್ಲಿ ಅವರೇ ಮೊದಲಿಗರು.

"ಹಾಗಾದರೆ ನಾಚಿಕೆ ಹುಟ್ಟಿನಿಂದ ಬರಲ್ಲ?" ಎಂದಳು ಮೊಮ್ಮಗಳು.

"ಇಲ್ಲ ಕೂಸೆ. ಎರಡನೇ ಮಗ್ಗಿ ಹಾಗೆ ಅದನ್ನೂ ಕಲಿತಿರುತ್ತೇವೆ. ಆದರೆ ಕಲಿಸಿದವರು ಯಾರು ಅಂತ ಗೊತ್ತಾಗಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕ್ಲಾಸಲ್ಲಿ ನನಗೂ ಡಾರ್ಕ್ ಚಾಕಲೇಟ್ ಅಂತಾರೆ ತಾತ" ಎಂದಳು. ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ನನ್ನ ಕಥೆ ಹೇಳದೇ ಹೋಗಿದ್ದರೆ ಅವಳು ಅವಳ ಕಥೆಯನ್ನೂ ಹೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಮೂವರೂ ಬಸ್ಸು ಹತ್ತಿದೆವು.

ಹಟ್ಟಿಗೆ ಮರಳಿ

ಹಟ್ಟಿ ಈಗ ಮೊದಲಿನಂತಿಲ್ಲ. ಮುಳ್ಳುಬೇಲಿ ಹೋಗಿದೆ, ಹೆಂಚು, ಆರ್‌ಸಿಸಿ ಮನೆಗಳು ಬಂದಿವೆ. ಕುರಿ ಕಡಿಮೆ, ಮೋಟಾರು ಬೈಕು ಹೆಚ್ಚು. ಚಿಕ್ಕವ್ವ ಮಾತ್ರ ಹಾಗೆಯೇ ಇದ್ದಾಳೆ. ವಯಸ್ಸು ಎಂಬತ್ತು ದಾಟಿದೆ. ಅಜ್ಜಿಯ ಕಿರಿಯ ಸೊಸೆ ಅವಳು, ಅಜ್ಜಿಯ ಪದಗಳಲ್ಲಿ ಒಂದಷ್ಟು ಉಳಿದಿರುವುದು ಅವಳ ಬಾಯಲ್ಲೇ. ಜಗಲಿಯ ಮೇಲೆ ಕರಿ ಕಂಬಳಿ ಹಾಸಿ ಮೊಮ್ಮಗಳನ್ನು ಕೂರಿಸಿದಳು. "ಚುಚ್ಚುತ್ತೆ" ಎಂದು ಹುಡುಗಿ ಕಾಲು ಎಳೆದುಕೊಂಡರೆ, "ಮೊದಲು ಚುಚ್ಚುತ್ತೆ, ಆಮೇಲೆ ಬೆಚ್ಚಗಾಗುತ್ತೆ" ಎಂದು ನಕ್ಕಳು.

ಮೊಮ್ಮಗಳು ಮೊಬೈಲ್ ಹಿಡಿದು, "ಮುತ್ತಜ್ಜಿ ಹೇಗಿದ್ರು ಹೇಳಿ" ಎಂದಳು. ಚಿಕ್ಕವ್ವ ಹಾಡಿದಳು, ಮಾತಾಡಿದಳು, ಮತ್ತೆ ಹಾಡಿದಳು. ನಡುವೆ ಈ ಮಾತು ಬಂತು:

"ನಿಮ್ಮ ತಾತನ ಆಸ್ಟ್ಲಿಗೆ ಒಂದ್ಸಲ ಗಿಣ್ಣು ತಗಂಡು ಓಗಿದ್ಲು. ಬಂದೋಳು ಅಟ್ಟಿಗೆಲ್ಲಾ ಏಳಿದ್ದೇ ಏಳಿದ್ದು. 'ನನ್ನ ಮಗ ಅಷ್ಟೂ ಉಡುಗರ ಮುಂದೆ ನನ್ನ ಕೈ ಇಡ್ಕಂಡು, ಇವಳು ನಮ್ಮಜ್ಜಿ ಅಂದ. ಗಿಣ್ಣು ಅಲ್ಲೇ ಕುಂತು ತಿಂದ' ಅಂತ."

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಐವತ್ತು ವರ್ಷಕ್ಕೂ ಮೇಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೆಂಡತಿ, ಮೊಮ್ಮಗಳ ಮುಂದೆಯೇ ಚಿಕ್ಕವ್ವನಿಗೆ ಹೇಳಿದೆ. ನಾನು ಹಾಗೆ ಅನ್ನಲಿಲ್ಲ, ಯಾರೋ ನಮ್ಮೂರಿನವರು ಅಂದೆ ಎಂದು.

ಚಿಕ್ಕವ್ವ ಎಲೆ ಅಡಿಕೆ ಚೀಲ ಬಿಚ್ಚುತ್ತಾ ಹೇಳಿದಳು: "ನನಗೆ ಗೊತ್ತಿತ್ತು ಕಣಪ್ಪ. ನೀನು ಅಲ್ಲೇ ತಿಂದಿದ್ರೆ ಚೊಂಬು ಅವಳ ಕೈಯಾಗೇ ವಾಪಸ್ ಬರಬೇಕಿತ್ತಲ್ಲ. ಬರಲಿಲ್ಲ. ನಾನು ಕೇಳಲಿಲ್ಲ. ಅವಳು ಆಂಗೆ ಏಳ್ಕಂಡು ಸಂತೋಷ ಪಡ್ತಿದ್ಲು, ಪಡ್ಲಿ ಅಂತ."

ಆ ದಿನ ಗೇಟಿನ ಹತ್ತಿರ ನಾವಿಬ್ಬರೂ ಸುಳ್ಳು ಹೇಳಿದ್ದೆವು. ನಾನು ನನ್ನ ಮಾನ ಉಳಿಸಿಕೊಳ್ಳಲು ಹೇಳಿದೆ. ಅವಳು ನನ್ನ ಮಾನ ಉಳಿಸಲು ಅಲ್ಲೊಂದು ಸಲ ಹೇಳಿದಳು, ಹಟ್ಟಿಗೆ ಬಂದು ಜೀವ ಇರುವವರೆಗೂ ಹೇಳಿದಳು.

ಸಂಜೆ ಹಟ್ಟಿ ಸುತ್ತುವಾಗ, ಹೊರಗೆ ಒಂಟಿಯಾಗಿ ಕುಸಿದುಬಿದ್ದ ಕಲ್ಲುಗೋಡೆಯೊಂದನ್ನು ಮೊಮ್ಮಗಳು ಕಂಡಳು. ಅದೇನೆಂದು ಕೇಳಿದಳು. ಇದನ್ನೂ ಮುಚ್ಚಿಡಬಾರದು. ನಮ್ಮ ಹಟ್ಟಿಗಳಲ್ಲಿ ಹೆರಿಗೆಯಾದ ತಾಯಿಯನ್ನು, ಮುಟ್ಟಾದ ಹೆಣ್ಣುಮಕ್ಕಳನ್ನು ಸೂತಕವೆಂದು ಹಟ್ಟಿಯ ಹೊರಗೆ ಇರಿಸುವ ರೂಢಿ ಇತ್ತು. ಕೆಲವೆಡೆ ಇನ್ನೂ ಇದೆ. ಮಳೆ, ಚಳಿ, ಹಾವು, ಚೇಳು ಯಾವುದನ್ನೂ ನೋಡುತ್ತಿರಲಿಲ್ಲ. ಅಂಥ ಹೆಣ್ಣುಮಕ್ಕಳಿಗೆ ತಲೆ ಮೇಲೊಂದು ಸೂರಾದರೂ ಇರಲೆಂದು ಸರಕಾರ 'ಕೃಷ್ಣ ಕುಟೀರ' ಎಂಬ ಕಟ್ಟಡಗಳನ್ನು ಹಲವು ಹಟ್ಟಿಗಳಲ್ಲಿ ಕಟ್ಟಿಸಿತು. ಆದರೆ ಸೂರು ಸಿಕ್ಕ ಮಾತ್ರಕ್ಕೆ ಹೊರಗಿಡುವುದು ಸರಿಯಾಗುವುದಿಲ್ಲ.

"ನನ್ನ ಮೊದಲನೇ ಕೂಸು ಉಟ್ಟಿದ್ದು ಅಲ್ಲೇ" ಎಂದಳು ಚಿಕ್ಕವ್ವ. "ಜಡಿಮಳೆ. ಇರಿಯರು ಬೇಡ ಅಂದ್ರೂ ನಿನ್ನ ಮುತ್ತಜ್ಜಿ ಕಂಬಳಿ ಒದ್ದು ಬಾಗಿಲಾಗೆ ರಾತ್ರಿ ಎಲ್ಲಾ ಕುಂತಿದ್ಲು. 'ದೇವರು ಕೋಪ ಮಾಡ್ಕಂಡ್ರೆ ನನ್ನ ಮೇಲೆ ಮಾಡ್ಕಳ್ಳಿ' ಅಂದ್ಲು." ಈಗ ನಮ್ಮ ಹಟ್ಟಿಯ ಹೆಣ್ಣುಮಕ್ಕಳು ಹೆರಿಗೆಗೆ ಆಸ್ಪತ್ರೆಗೆ ಹೋಗುತ್ತಾರೆ, ಕೂಸನ್ನು ಎತ್ತಿಕೊಂಡು ನೇರವಾಗಿ ಮನೆಗೇ ಬರುತ್ತಾರೆ.

ನಮ್ಮ ಹುಟ್ಟನ್ನು ಒಪ್ಪಿಕೊಳ್ಳುವುದೆಂದರೆ ಹಳೆಯದೆಲ್ಲವನ್ನೂ ಕಣ್ಣಿಗೊತ್ತಿಕೊಳ್ಳುವುದಲ್ಲ. ರಾಗಿ ಕೇರಿದಂತೆ ಕೇರಬೇಕು. ಕಾಳು ಉಳಿಸಿಕೊಳ್ಳಬೇಕು, ಹೊಟ್ಟು ಹಾರಿಬಿಡಬೇಕು. ನಾಚಿಕೆಪಟ್ಟು ಮೊರವನ್ನೇ ಎಸೆದವನಿಗೆ ಕಾಳೂ ಇಲ್ಲ. ನಾನು ಬಹಳ ಕಾಲ ಮೊರ ಎಸೆದವನಾಗಿದ್ದೆ.

ಬೆಂಗಳೂರಿಗೆ ಮರಳಿದ ಮೇಲೆ ಮೊಮ್ಮಗಳು ಚಾರ್ಟ್ ಮುಗಿಸಿದಳು. ಬೇರಿನ ಹತ್ತಿರ 'ಗೃಹಿಣಿ' ಎಂದಿದ್ದನ್ನು ಅಳಿಸಿ, 'ಕುರಿ ಸಾಕುತ್ತಿದ್ದರು, ಹಾಡುತ್ತಿದ್ದರು, ಔಷಧ ಕೊಡುತ್ತಿದ್ದರು' ಎಂದು ಬರೆದಳು. ಊರಿನ ಜಾಗದಲ್ಲಿ 'ಗೊಲ್ಲರಹಟ್ಟಿ, ಹೊರಕೆರೆದೇವಪುರ' ಎಂದು ಬರೆದಳು. ರಜೆ ಮುಗಿದು ಶಾಲೆಗೆ ಹೋದ ದಿನ ಚಿಕ್ಕವ್ವನ ಹಾಡನ್ನೂ ಮೊಬೈಲಿನಲ್ಲಿ ಕೇಳಿಸಿದಳಂತೆ. ಇಬ್ಬರು ನಕ್ಕರಂತೆ. "ನಗಲಿ ಬಿಡಿ ತಾತ, ಅವರಿಗೆ ಪಾಲು, ಹಾಲು, ಆಲು ಗೊತ್ತಿಲ್ಲ. ನಾಳೆ ಹೇಳಿಕೊಡ್ತೀನಿ" ಎಂದಳು.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರನ್ನು ಊರು ಯಾವುದೆಂದು ಕೇಳಿ. ಜಿಲ್ಲೆ ಹೇಳಿದರೆ ಬಿಡಬೇಡಿ, ತಾಲ್ಲೂಕು ಹೇಳಿದರೂ ಬಿಡಬೇಡಿ. ಅಜ್ಜ ಅಜ್ಜಿಯರೇ, ಮಕ್ಕಳು ಮೂರನೇ ಸಲ ಕೇಳುವವರೆಗೆ ಕಾಯಬೇಡಿ.

ಆ ಕಂಚಿನ ಚೊಂಬು ನನ್ನ ಬಳಿ ಇದೆ. ಎಷ್ಟು ಮನೆ ಬದಲಾಯಿಸಿದರೂ ಕಪಾಟಿನ ಹಿಂದೆ ಇರುತ್ತಿತ್ತು. ಈಗ ನಡುಮನೆಗೆ ತಂದಿಟ್ಟಿದ್ದೇನೆ. ಬಂದವರು "ಯಾರದ್ದು?" ಎಂದು 

ಕೇಳುತ್ತಾರೆ.

"ನಮ್ಮಜ್ಜಿದು" ಎನ್ನುತ್ತೇನೆ.